ಬೆಚ್ಚಗಿಟ್ಟ ಯಂತ್ರ

ಲಿವರ್ ಅಲುಗಲಿಲ್ಲ. ಯೊಶಿನೊ ಕೈಗವಸು ಬಿಚ್ಚಿ ಬರಿಗೈಯಲ್ಲಿ ಮುಟ್ಟಿ ನೋಡಿದಳು. ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡು ಚುರುಗುಟ್ಟಿತು. ಹಿಮ ತೂರುವ ಯಂತ್ರದ ಹಿಡಿಕೆಯ ಮೇಲೆ ನಾಲ್ಕು ಲಿವರ್‌ಗಳಿದ್ದವು. ಯಂತ್ರ ಮುಂದೆ ಸಾಗಲು ಒಂದು, ಎದುರಿನ ಸುರುಳಿ ಅಲಗು ತಿರುಗಲು ಒಂದು, ಹಿಮ ಉಗುಳುವ ಸೊಂಡಿಲನ್ನು ಎಡಬಲಕ್ಕೆ ಹೊರಳಿಸಲು ಒಂದು, ಮೇಲೆ ಕೆಳಗೆ ಮಾಡಲು ಇನ್ನೊಂದು. ನಾಲ್ಕೂ ಕಲ್ಲಾಗಿದ್ದವು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಕೇಬಲ್‌ಗಳು ಒಳಹೊಕ್ಕುವ ರಬ್ಬರಿನ ಬಾಯಲ್ಲಿ ಗಾಜಿನಂಥ ಗಡ್ಡೆ. ಅದು ಮೇಲಿಂದ ಉದುರಿ ಕೂತ ಹಿಮವಲ್ಲ. ಹಿಮ ಕರಗಿ ನೀರಾಗಿ, ಕೇಬಲಿನ ಒಳಗಿಳಿದು, ಮತ್ತೆ ಹೆಪ್ಪುಗಟ್ಟಿದ್ದು. ಅಂದರೆ ಯಾರೋ ಯಂತ್ರವನ್ನು ಬೆಚ್ಚಗಿನ ಜಾಗದಲ್ಲಿ ನಿಲ್ಲಿಸಿದ್ದರು. ಯಾರೋ ಏನು ಬಂತು, ಯಾರೆಂದು ಅವಳಿಗೆ ಗೊತ್ತಿತ್ತು.

ಬೆಳಗಿನ ಐದು ಗಂಟೆ. ಚಳಿ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು. ರಾತ್ರಿಯಿಡೀ ಸುರಿದ ಹಿಮ ಷೆಡ್ಡಿನ ಬಾಗಿಲಿನ ಅರ್ಧದವರೆಗೆ ಬಂದಿತ್ತು. ಏಳಕ್ಕೆ ಪಟ್ಟಣದ ಆಸ್ಪತ್ರೆಯ ವ್ಯಾನು ಓನುಕಿ ಅಜ್ಜನನ್ನು ಕರೆದೊಯ್ಯಲು ಬರುತ್ತದೆ. ಅಜ್ಜನ ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಾಯಿತು. ವಾರಕ್ಕೆ ಮೂರು ದಿನ ಹೋಗಿ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ದೊಡ್ಡ ರಸ್ತೆಯ ಹಿಮವನ್ನು ಸರ್ಕಾರದ ಗಾಡಿ ತಳ್ಳಿಕೊಂಡು ಹೋಗುತ್ತದೆ. ಅಲ್ಲಿಂದ ಒಳಗಿನ ಏಳು ಮನೆಗಳ ಓಣಿಗೆ ಇರುವುದು ಇದೊಂದೇ ಯಂತ್ರ, ಏಳೂ ಮನೆಯವರು ಸೇರಿ ಕೊಂಡದ್ದು.

ಇಪ್ಪತ್ತೆರಡು ಚಳಿಗಾಲ ಇದನ್ನು ನೋಡಿಕೊಂಡವನು ಯೊಶಿನೊಳ ಗಂಡ ಇಸಾಮು. ಅವನು ಹೋದ ಮೇಲೆ ಮೂರು ಚಳಿಗಾಲದಿಂದ ಷೆಡ್ಡಿನ ಬೀಗದಕೈ ಅವಳ ಸೊಂಟದಲ್ಲಿತ್ತು. ಹೆಂಗಸಿನ ಕೈಗೆ ಯಂತ್ರವೇ ಎಂದು ಮೊದಲ ವರ್ಷ ಮೂಗು ಮುರಿದವರೂ ಆಮೇಲೆ ಸುಮ್ಮನಾದರು, ಯಾಕೆಂದರೆ ಅವಳ ಕೈಯಲ್ಲಿ ಒಂದು ದಿನವೂ ಲಿವರ್ ಹೆಪ್ಪುಗಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ಬಯಲಲ್ಲೇ ನಿಲ್ಲಿಸಿ ಹತ್ತು ನಿಮಿಷ ಅಲಗನ್ನು ಖಾಲಿ ತಿರುಗಿಸುವುದು, ಸೊಂಡಿಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಒಳಗಿನ ಹಿಮವನ್ನೆಲ್ಲ ಉಗುಳಿಸುವುದು, ಲಿವರ್‌ಗಳ ಸಂದುಗಳನ್ನು ಪೊರಕೆಯಲ್ಲಿ ಗುಡಿಸಿ ಒಣಬಟ್ಟೆಯಲ್ಲಿ ಒರೆಸುವುದು, ಕೇಬಲಿನ ಬಾಯಿಗೆ ಒಂದೊಂದು ತೊಟ್ಟು ತೆಳುವಾದ ಎಣ್ಣೆ. ಆಮೇಲೆ ತಣ್ಣಗಿನ ಷೆಡ್ಡಿಗೆ ತಳ್ಳಿ, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು ಸರಪಳಿ ಹಾಕುವುದು. "ಇದು ಚಳೀ ಪ್ರಾಣಿ, ಚಳೀಲೇ ಬಿಡು. ಅಯ್ಯೋ ಪಾಪ ಅಂತ ಬೆಚ್ಚಗಿಟ್ಯೋ, ಕೆಟ್ಟೆ," ಎನ್ನುತ್ತಿದ್ದ ಇಸಾಮು.

ಹಿಂದಿನ ಮಧ್ಯಾಹ್ನ ಅವಳು ಇದನ್ನೆಲ್ಲ ಮಾಡಿ ಬೀಗ ಹಾಕಿ ಬಂದಿದ್ದಳು. ನಾಲ್ಕು ಗಂಟೆಗೆ ಹರುಯೊ ಬಂದಳು. ನಲವತ್ತು ವರ್ಷದ ಹಿಂದೆ ಒಂದೇ ಚಳಿಗಾಲದಲ್ಲಿ ಈ ಓಣಿಗೆ ಮದುವೆಯಾಗಿ ಬಂದವರು ಇಬ್ಬರೂ. ಹರುಯೊ ಎರಡು ವರ್ಷ ದೊಡ್ಡವಳು, ಆದ್ದರಿಂದ ಅಕ್ಕ. ಅಕ್ಕನ ಮಗಳು ಚಿಹೊಳನ್ನು ನೋಡಿ ಒಪ್ಪಿದ ಹುಡುಗನ ತಂದೆತಾಯಿ ಮರುದಿನ ಮೊದಲ ಸಲ ಮನೆಗೆ ಬರುವವರಿದ್ದರು.

"ಒಂದರ್ಧ ಗಂಟೆ ಯಂತ್ರ ಕೊಡೇ," ಎಂದಳು. "ಮನೆ ಮುಂದೆ ಸ್ವಲ್ಪ ಅಗಲ ಮಾಡ್ಬೇಕು. ಅವರ ಕಾರು ನಿಲ್ಲೋಕೆ ಜಾಗ ಇಲ್ಲ ಅಂದ್ರೆ ಏನಂದ್ಕೋತಾರೆ?"

"ಸ್ವಂತಕ್ಕೆ ತೆಗೀಬಾರ್ದು ಅಂತ ಕಟ್ಟಳೆ ಅಲ್ವಾ ಅಕ್ಕ?"

"ನಾನೇನು ಊರಿಗೆಲ್ಲ ಸಾರ್ತೀನಾ, ನೀನು ಸಾರ್ತೀಯಾ?"

ಯೊಶಿನೊ ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟಳು. ಚಿಹೊ ಅವಳ ಮಡಿಲಲ್ಲಿ ಕೂತು ಅನ್ನ ತಿನ್ನಲು ಕಲಿತ ಮಗು. ಆರು ಗಂಟೆಗೆ ಹರುಯೊ ಬೀಗದಕೈ ತಂದು ಕೈಯಲ್ಲಿಟ್ಟಾಗ, "ಒರೆಸಿದ್ರಾ? ಖಾಲಿ ಓಡಿಸಿದ್ರಾ?" ಎಂದು ಕೇಳಿದಳು. "ಎಲ್ಲಾ ನೀನು ಮಾಡೋ ಹಂಗೇ," ಎಂದಿದ್ದಳು ಹರುಯೊ.

ರಾತ್ರಿಯಿಡೀ ಗಟ್ಟಿಯಾದ ಗಡ್ಡೆ, ಯೊಶಿನೊ ಒಣ ಗಾಳಿ ಬಿಡುತ್ತ ಕೂತರೂ ಮಧ್ಯಾಹ್ನದವರೆಗೆ ಬಿಡಲಿಲ್ಲ. ಆ ಬೆಳಿಗ್ಗೆ ಐದು ಜನ ಸೇರಿ ಸಲಿಕೆ ಹಿಡಿದರೂ ದೊಡ್ಡ ರಸ್ತೆಯವರೆಗೆ ವ್ಯಾನು ನುಗ್ಗುವಷ್ಟು ದಾರಿಯಾಗಲಿಲ್ಲ. ಕೊನೆಗೆ ಓನುಕಿ ಅಜ್ಜನನ್ನು ಎರಡು ಕಂಬಳಿಯಲ್ಲಿ ಸುತ್ತಿ, ಸೌದೆ ಸಾಗಿಸುವ ಜಾರುಗಾಡಿಯ ಮೇಲೆ ಕೂರಿಸಿ, ತೊಡೆಮಟ್ಟದ ಹಿಮದಲ್ಲಿ ಎಳೆದರು. ಅರ್ಧ ದಾರಿಯಲ್ಲಿ ಗಾಡಿ ಮಗುಚಿತು. ಕೈಲಾಗದ ಮುದುಕ ಹಿಮದಲ್ಲಿ ಮುಖ ಅಡಿಯಾಗಿ ಬಿದ್ದ. ಒಂದೂವರೆ ಗಂಟೆ ತಡವಾಗಿ ಆಸ್ಪತ್ರೆ ಸೇರಿದವನಿಗೆ ಸಂಜೆಯೊಳಗೆ ಜ್ವರ ಏರಿ, ಎದೆಗೆ ಕಫ ಕಟ್ಟಿ, ಅಲ್ಲೇ ಉಳಿಸಿಕೊಂಡರು.

ಸಂಜೆ ಏಳಕ್ಕೆ ಕುದೊ ಅವರ ಮನೆಯಲ್ಲಿ ಏಳೂ ಮನೆಯವರು ಕೂತರು. ಕುದೊ ಓಣಿಯ ಹಿರಿಯರು, ನಿವೃತ್ತ ಮೇಷ್ಟರು, ಸಿಟ್ಟು ಬಂದಷ್ಟೂ ದನಿ ಇಳಿಸುವ ಮನುಷ್ಯ.

"ಯೊಶಿನೊ ಅವ್ರೇ, ಬೈಯೋಕೆ ಕರೆದಿಲ್ಲ. ಏನಾಯ್ತು ಅಂತ ತಿಳ್ಕೊಳ್ಳೋಣ ಅಷ್ಟೆ. ನಿನ್ನೆ ಯಂತ್ರ ಒರೆಸಿ ಇಟ್ಟಿದ್ರಾ?"

"ಇಟ್ಟಿದ್ದೆ."

"ಖಾಲಿ ಓಡಿಸಿದ್ರಾ?"

"ಹತ್ತು ನಿಮಿಷ ಓಡಿಸಿದ್ದೆ."

"ಮತ್ತೆ ಕೇಬಲ್ ಒಳಗೆ ನೀರು ಹೆಂಗೆ ಹೋಯ್ತು?"

ಯೊಶಿನೊ ಹರುಯೊಳ ಕಡೆ ನೋಡಿದಳು. ತಾನೇ ಹೇಳಲಿ ಎಂದು ಕಾದಳು. ಹರುಯೊ ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸುತ್ತಿದ್ದಳು. ಅವಳ ಗಂಡ ತಮೊತ್ಸು, ಬಡಗಿ, ತನ್ನ ಮಂಡಿಯನ್ನೇ ನೋಡುತ್ತ ಕೂತಿದ್ದ. ಅವರ ಮನೆ ಮುಂದಿನ ಹಿಮದ ಗೋಡೆ ಯಂತ್ರ ಕೊಯ್ದಷ್ಟು ನೇರವಾಗಿದ್ದದ್ದು ಆ ದಿನ ಓಣಿಯಲ್ಲಿ ಓಡಾಡಿದ ಎಲ್ಲರಿಗೂ ಕಂಡಿರಲೇಬೇಕು. ಕಂಡದ್ದನ್ನು ಕಾಣದ ಹಾಗೆ ಇರುವುದನ್ನೂ ಊರು ಮರ್ಯಾದೆ ಎನ್ನುತ್ತದೆ.

"ಕುದೊ ಅವ್ರೇ, ಅವಳನ್ನ ಕೇಳ್ಬೇಡಿ," ಎಂದಳು ಹರುಯೊ, ಚಹಾದ ಪಾತ್ರೆ ಕೆಳಗಿಟ್ಟು. "ಯಾರಿಗೂ ಹೇಳ್ಬಾರ್ದು ಅಂತಿದ್ದೆ. ಇಸಾಮು ಹೋದ್ಮೇಲೆ ಪಾಪ ಅವಳಿಗೆ ಮರೆವು. ಹೋದ ತಿಂಗಳು ಒಲೆ ಮೇಲೆ ಪಾತ್ರೆ ಇಟ್ಟು ಮರೆತು, ಸೀದು ಕರಕಲಾಗಿತ್ತು, ನಾನೇ ಕಣ್ಣಾರೆ ನೋಡಿದೀನಿ. ಮಾಡಿದೀನಿ ಅಂದ್ಕೊಂಡಿರ್ತಾಳೆ, ಮಾಡಿರಲ್ಲ. ಸುಳ್ಳು ಹೇಳ್ತಿಲ್ಲ ಅವಳು. ಅವಳ ತಪ್ಪಲ್ಲ ಅದು."

ಶಾಲಿನಲ್ಲಿ ಸುತ್ತಿ ಹೊಡೆಯುವುದೆಂದರೆ ಇದೇ. ಕೂತವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಯಾರನ್ನೂ ಬೈಯಬೇಕಾಗಿಲ್ಲ ಎಂದು ಅವರಿಗೆ ಹಗುರವಾಯಿತು. ಕುದೊ ಅವರ ಹೆಂಡತಿ ಯೊಶಿನೊಳ ಬೆನ್ನು ಸವರಿದಳು.

ಯೊಶಿನೊ ಬಾಯಿ ತೆರೆದಳು. ಆ ಹೊತ್ತಿಗೆ ಹುಡುಗನ ತಂದೆತಾಯಿ ಹರುಯೊಳ ಮನೆಯಲ್ಲೇ ಇದ್ದರು. ಮಧ್ಯಾಹ್ನದ ಮೇಲೆ ಬಂದವರು ಹಿಮ ಹೆಚ್ಚಾದ್ದರಿಂದ ಆ ರಾತ್ರಿ ಅಲ್ಲೇ ಉಳಿಯುವವರಿದ್ದರು. ಗೋಡೆಗೂ ಕಿವಿಯಿರುವ ಓಣಿ ಅದು. ಚಿಹೊಳ ಮುಖ ಕಣ್ಣ ಮುಂದೆ ಬಂತು. ಅಷ್ಟಲ್ಲದೆ, ಏನೆಂದು ಹೇಳುವುದು? ಮರೆವಿನವಳು ತನಗೆ ಮರೆವಿಲ್ಲ ಎಂದರೆ ಯಾರು ನಂಬುತ್ತಾರೆ? ಬೀಗದಕೈ ಹರುಯೊಗೆ ಕೊಟ್ಟಿದ್ದೆ ಎಂದರೆ ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕುತ್ತಾರೆ. ಅವಳು ಬಾಯಿ ಮುಚ್ಚಿದಳು.

"ಇಷ್ಟು ದಿನ ಒಬ್ರೇ ಹೊತ್ಕೊಂಡ್ರಿ, ಇನ್ನು ಸುಧಾರಿಸ್ಕೊಳ್ಳಿ," ಎಂದರು ಕುದೊ. "ಬೀಗದಕೈ ತಮೊತ್ಸು ಹತ್ರ ಇರ್ಲಿ." ಅವಳು ಬಿಚ್ಚಿ ಕೊಟ್ಟಳು. ತಮೊತ್ಸು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಗ್ಗಿಸಿದವನು ಎತ್ತಲೇ ಇಲ್ಲ.

ತಪ್ಪು ಮಾಡಿದ ಮನೆಯವರು ಸಿಹಿಯ ಪೊಟ್ಟಣ ಹಿಡಿದು ಮನೆಮನೆಗೆ ಹೋಗಿ ಬಾಗಿ ಕ್ಷಮೆ ಕೇಳುವುದು ಅಲ್ಲಿನ ರೂಢಿ. ಮರುದಿನ ಯೊಶಿನೊ ಪಟ್ಟಣಕ್ಕೆ ಹೋಗಿ ಕೆಂಪು ಕಾಳಿನ ಹೂರಣದ ಸಿಹಿ ಆರು ಪೊಟ್ಟಣ ಕಟ್ಟಿಸಿಕೊಂಡು ಬಂದಳು. ಐದು ಮನೆಯ ಹೊಸ್ತಿಲಲ್ಲಿ ಬಗ್ಗಿ, ನನ್ನಿಂದ ತೊಂದರೆಯಾಯಿತು ಎಂದಳು. ಆರನೆಯದು ಹರುಯೊಳ ಮನೆ. ಅದೊಂದನ್ನು ಬಿಟ್ಟುಬಿಡೋಣವೆಂದು ಓಣಿಯಲ್ಲಿ ನಿಂತು ಯೋಚಿಸಿದಳು. ಬಿಟ್ಟರೆ ಇದನ್ನೂ ಮರೆತಳು ಎನ್ನುತ್ತಾರೆ ಅನ್ನಿಸಿ ಕಾಲು ಎಳೆದುಕೊಂಡು ಹೋದಳು.

ಹರುಯೊ ಬಾಗಿಲು ತೆರೆದು, ಹಿಂದೆ ತಿರುಗಿ ನೋಡಿ, ಹೊಸ್ತಿಲಾಚೆ ಬಂದು ಬಾಗಿಲನ್ನು ಎಳೆದುಕೊಂಡಳು.

"ಬೀಗದಕೈ ಇಸ್ಕೊಂಡು ಹೋದೋಳು ನೀನು ಅಕ್ಕ."

"ಮೆಲ್ಲಗೆ ಮಾತಾಡೇ. ಬೀಗರು ಒಳಗಿದಾರೆ." ಹರುಯೊ ಮೇಲಂಗಿಯ ತೋಳು ಎಳೆದುಕೊಂಡಳು. "ಇವ್ರು ಒಳ್ಳೇದಕ್ಕೇ ಅಂತ ಮಾಡಿದ್ದು. ಮರಗೆಲಸದ ಕೋಣೆಗೆ ತಳ್ಕೊಂಡು ಹೋಗಿ ಒಲೆ ಪಕ್ಕ ನಿಲ್ಸಿದ್ರು, ಹಿಮ ಎಲ್ಲಾ ಕರಗಿ ಹೋಗ್ಲಿ, ನೀಟಾಗಿ ಕೊಡೋಣ ಅಂತ. ಆಮೇಲೆ ಹಂಗೇ ತಂದು ಷೆಡ್ಡಲ್ಲಿ ಬಿಟ್ರು. ಅವರಿಗೇನು ಗೊತ್ತಿತ್ತು?"

"ಅದನ್ನೇ ನಿನ್ನೆ ಹೇಳ್ಬಹುದಿತ್ತಲ್ಲ."

"ಹೇಳಿ? ಅಜ್ಜ ಅಲ್ಲಿ ಆಮ್ಲಜನಕದ ಕೊಳವೆ ಹಾಕ್ಕೊಂಡು ಮಲಗಿದಾನೆ. ಇಂಥ ಮನೆ ಹುಡುಗೀನ ತರ್ತೀವಾ ಅಂತ ಅವರು ಎದ್ದು ಹೋದ್ರೆ? ಚಿಹೊಗೆ ಮೂವತ್ನಾಲ್ಕು, ಯೊಶಿನೊ. ಇದು ತಪ್ಪಿದ್ರೆ ಇನ್ನೊಂದು ಬರಲ್ಲ. ನೀನು ಒಬ್ಬಳು. ನಿನಗೆ ಮರೆವು ಅಂದ್ರೆ ಯಾರ ಮನೆ ಮುಳುಗುತ್ತೆ ಹೇಳು?"

"ನಾನಿದೀನಲ್ಲ ಅಕ್ಕ."

ಹರುಯೊಳ ಕಣ್ಣು ತುಂಬಿತು. ಅದು ನಾಟಕವಲ್ಲ, ಅದೇ ಯೊಶಿನೊಗೆ ತಡೆಯಲಾರದ್ದು. "ನಿಶ್ಚಿತಾರ್ಥ ಒಂದು ಆಗ್ಲಿ, ನಾನೇ ಮನೆಮನೆಗೆ ಹೋಗಿ ನಿಜ ಹೇಳ್ತೀನಿ. ಅಲ್ಲೀ ತನಕ ಹೊಟ್ಟೇಲಿ ಹಾಕ್ಕೋ," ಎಂದಳು. ಆಮೇಲೆ, ಏನೋ ಸಮಾಧಾನ ಹೇಳುವವಳ ಹಾಗೆ, "ಆ ಪಾತ್ರೆ ಸೀದಿದ್ದೇನು ಸುಳ್ಳಲ್ವಲ್ಲ," ಎಂದಳು.

ಸೀದದ್ದು ನಿಜ. ಆ ದಿನ ಇಬ್ಬರೂ ಚಿಹೊಳ ಮದುವೆಯ ಮಾತಿಗೆ ಕೂತು, ಇಬ್ಬರೂ ಮರೆತಿದ್ದರು. ಯೊಶಿನೊ ಪೊಟ್ಟಣವನ್ನು ಮುಂದೆ ಚಾಚಿ ಬಗ್ಗಿದಳು. ಹರುಯೊ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಷ್ಟೇ ಬಗ್ಗಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯಲ್ಲಿ ಯಾರೂ ಯೊಶಿನೊಳನ್ನು ದೂರ ಮಾಡಲಿಲ್ಲ. ದೂರ ಮಾಡಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಅವರು ಅವಳ ಜೊತೆ ನಿಧಾನವಾಗಿ, ಜೋರಾಗಿ ಮಾತಾಡತೊಡಗಿದರು, ಕಿವುಡರ ಜೊತೆ ಮಾತಾಡುವಂತೆ. ಕುದೊ ಅವರ ಹೆಂಡತಿ ಒಂದು ದಿನ ಬಂದು, ದಪ್ಪ ಅಕ್ಷರದಲ್ಲಿ 'ಒಲೆ ಆರಿಸಿ' ಎಂದು ಬರೆದ ಕಾಗದವನ್ನು ಅವಳ ಅಡುಗೆಮನೆಯ ಗೋಡೆಗೆ ತಾನೇ ಅಂಟಿಸಿ ಹೋದಳು. ಇನ್ನೊಂದು ಮನೆಯಾಕೆ ಮೀನು ಹಾಕಿದ ಎಲೆಕೋಸಿನ ಉಪ್ಪಿನಕಾಯಿ ತಂದುಕೊಟ್ಟು, ಡಬ್ಬಿ ಯಾರದ್ದೆಂದು ಮುಚ್ಚಳದ ಮೇಲೆ ಹೆಸರು ಬರೆದಿದ್ದಳು. ಯೊಶಿನೊ ಮಲಗಿದ ಮೇಲೆ ಎದ್ದು ಬಂದು ಒಲೆ ನೋಡತೊಡಗಿದಳು. ಆರಿರುತ್ತಿತ್ತು. ಹೋಗಿ ಮಲಗಿ, ಆರಿದ್ದನ್ನು ನಿಜವಾಗಿ ನೋಡಿದೆನೋ ನೋಡಿದೆ ಅಂದುಕೊಂಡೆನೋ ಎಂದು ಮತ್ತೆ ಏಳುತ್ತಿದ್ದಳು. ತನ್ನ ತಲೆಯನ್ನೇ ತಾನು ನಂಬಲಾಗದಂತೆ ಮಾಡಿಬಿಟ್ಟಳಲ್ಲ ಅಕ್ಕ ಎಂದು ಕತ್ತಲಲ್ಲಿ ಕೂತು ಅತ್ತಳು.

ಹತ್ತು ದಿನಕ್ಕೆ ಓನುಕಿ ಅಜ್ಜ ಮನೆಗೆ ಬಂದ. ಅರ್ಧ ಇಳಿದುಹೋಗಿದ್ದ. ಅವಳು ಅನ್ನದ ಗಂಜಿ ಮಾಡಿಕೊಂಡು ಹೋದಾಗ ಅವಳ ಕೈ ಹಿಡಿದುಕೊಂಡು, "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಮಗಳೇ. ವಯಸ್ಸು ಯಾರನ್ನ ಬಿಡುತ್ತೆ," ಎಂದ. ಅವಳು ಅಜ್ಜನ ಹಾಸಿಗೆ ಸರಿಮಾಡಿ, ಬಟ್ಟಲು ತೊಳೆದಿಟ್ಟು ಬಂದಳು.

ಫೆಬ್ರವರಿಯ ಮೂರನೇ ವಾರ ಚಿಹೊಳ ನಿಶ್ಚಿತಾರ್ಥವಾಯಿತು. ಹರುಯೊ ಶುಭಕಾರ್ಯಕ್ಕೆ ಮಾಡುವ ಕೆಂಪು ಕಾಳಿನ ಅನ್ನವನ್ನು ಬುಟ್ಟಿಯಲ್ಲಿಟ್ಟುಕೊಂಡು ಎಲ್ಲ ಮನೆಗೂ ಹಂಚಿದಳು. ಯೊಶಿನೊಳ ಬಾಗಿಲಿಗೆ ಬಂದಾಗ ಕುದೊ ಅವರ ಹೆಂಡತಿಯೂ ಜೊತೆಗಿದ್ದಳು. ಇವತ್ತು ಹೇಳುತ್ತಾಳೆ, ಅದಕ್ಕೇ ಸಾಕ್ಷಿಗೆ ಇವರನ್ನು ಕರೆತಂದಿದ್ದಾಳೆ ಎಂದುಕೊಂಡು ಯೊಶಿನೊ ಬಾಗಿಲನ್ನು ಪೂರ್ತಿ ಸರಿಸಿದಳು.

ಹರುಯೊ ಅನ್ನದ ಪೆಟ್ಟಿಗೆಯನ್ನು ಅವಳ ಕೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ ಹಿಡಿಸಿದಳು. "ಇದು ಚಿಹೊ ನಿಶ್ಚಿತಾರ್ಥದ ಅನ್ನ," ಎಂದಳು, ಒಂದೊಂದೇ ಮಾತನ್ನು ಬಿಡಿಸಿ. "ಚಿಹೊ. ನನ್ನ ಮಗಳು. ಗೊತ್ತಾಯ್ತಲ್ಲ? ಇವತ್ತೇ ತಿಂದ್ಬಿಡು, ಇಟ್ಟು ಮರೀಬೇಡ."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಸುಳ್ಳನ್ನು ಹೇಳಿದವರೇ ಮೊದಲು ನಂಬುವುದು. ನಂಬದೆ ಹೋದರೆ ಅವರು ಬದುಕುವುದು ಹೇಗೆ? ಯೊಶಿನೊ ಅನ್ನವನ್ನು ಒಳಗೆ ತಂದು ಮೇಜಿನ ಮೇಲಿಟ್ಟು ಅದರ ಎದುರು ಕೂತಳು. ಹೊಟ್ಟೆಯಲ್ಲಿ ಹಾಕಿಕೊಂಡದ್ದು ಇನ್ನು ಅಲ್ಲಿ ನಿಲ್ಲಲಾರದೆನಿಸಿತು.

ಅದಾದ ನಾಲ್ಕನೇ ದಿನ ಶನಿವಾರ. ಇಪ್ಪತ್ತೆಂಟು ಡಿಗ್ರಿ ಕೆಳಗೆ, ಸೊಂಟಮಟ್ಟ ಹೊಸ ಹಿಮ. ಕೆಲಸವಿಲ್ಲದಿದ್ದರೂ ಅಭ್ಯಾಸಬಲದಿಂದ ನಾಲ್ಕೂವರೆಗೆ ಎದ್ದ ಯೊಶಿನೊ ಪಕ್ಕದ ಷೆಡ್ಡಿನಲ್ಲಿ ಇಂಜಿನ್ನು ಹೊತ್ತಿಕೊಂಡದ್ದನ್ನು ಕೇಳಿದಳು. ಅಲಗು ತಿರುಗತೊಡಗಿದರೆ ಇಂಜಿನ್ನಿನ ದನಿ ಭಾರವಾಗಬೇಕು. ಆಗಲಿಲ್ಲ. ಒಂದೇ ಸಮ ಖಾಲಿ ಗುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಬಾಗಿಲು ಸರಿದು, ಖಾಲಿ ಕೆಟಲ್ ಹಿಡಿದ ಹರುಯೊ ಒಳಗೆ ಬಂದಳು. ರೆಪ್ಪೆಯ ಮೇಲೆ ಹಿಮ ಕೂತಿತ್ತು.

"ಬಿಸಿನೀರಿದ್ಯಾ ಯೊಶಿನೊ? ನಮ್ಮದೆಲ್ಲ ಮುಗೀತು, ಸಾಕಾಗ್ಲಿಲ್ಲ."

"ಯಾತಕ್ಕೆ?"

"ಲಿವರ್ ಮೇಲೆ ಹುಯ್ಯೋಕೆ. ಹಾಳಾದ್ದು ಮತ್ತೆ ಹಿಡ್ಕೊಂಡಿದೆ. ಚಳಿಗೆ ಹಿಂಗಾಗತ್ತೆ ಅಂತ ಇವ್ರು ರಾತ್ರಿಯೆಲ್ಲ ಒಲೆ ಹತ್ರಾನೇ ಇಟ್ಟಿದ್ರು, ಬೆಳಗ್ಗೆ ಷೆಡ್ಡಿಗೆ ತಂದ್ರು. ಆದ್ರೂ ಹಿಂಗೆ. ಏಳಕ್ಕೆ ಅಜ್ಜನ ವ್ಯಾನು ಬರುತ್ತೆ."

ಹೀಟರಿನ ಮೇಲೆ ಯೊಶಿನೊಳ ದೊಡ್ಡ ಕೆಟಲ್ ಕುದಿಯುತ್ತಿತ್ತು. ಬಿಸಿನೀರು ಹುಯ್ದರೆ ಲಿವರ್ ಬಿಡುತ್ತದೆ, ಎರಡು ನಿಮಿಷ. ಮನುಷ್ಯನಿಗೆ ಖುಷಿಯಾಗುವಷ್ಟು ಹೊತ್ತು. ಆ ನೀರು ಕೇಬಲಿನ ಕೊಳವೆಯಲ್ಲಿ ಕೈಗೂ ಬಿಸಿಗೂ ಎಟುಕದ ತಿರುವಿನವರೆಗೆ ಇಳಿದು ಅಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಪಟ್ಟಣಕ್ಕೆ ಸಾಗಿಸಿ ಕೇಬಲ್‌ಗಳನ್ನೇ ಬದಲಿಸಬೇಕು. ಮಾಡಬೇಕಾದದ್ದು ಬೇರೆ: ಮೇಲೆ ಟಾರ್ಪಾಲು ಹೊದೆಸಿ, ತಲೆಗೂದಲು ಒಣಗಿಸುವ ಯಂತ್ರದ ಒಣ ಗಾಳಿ ಮುಕ್ಕಾಲು ಗಂಟೆ ಬಿಡುವುದು, ಹನಿ ನೀರೂ ಇಲ್ಲದಂತೆ ಒರೆಸಿ ಎಣ್ಣೆ ಹಾಕುವುದು. ಈ ಸಲದ ಗಡ್ಡೆ ಹೊಸದು, ಈಗ ಶುರು ಮಾಡಿದರೂ ವ್ಯಾನಿನ ಹೊತ್ತಿಗೆ ದಾರಿಯಾಗುತ್ತಿತ್ತು. ಅಷ್ಟೂ ಅವಳ ನಾಲಿಗೆಯ ತುದಿಯಲ್ಲಿತ್ತು.

"ಬಿಸಿನೀರು ಹಾಕ್ಬಹುದಲ್ವಾ?" ಎಂದು ಕೇಳಿದಳು ಹರುಯೊ. "ಹಿಂಗಾದಾಗ ಇಸಾಮು ಏನು ಮಾಡ್ತಿದ್ದ?"

ಯೊಶಿನೊ ಅವಳ ಕೈಯಿಂದ ಖಾಲಿ ಕೆಟಲ್ ತೆಗೆದುಕೊಂಡಳು.

"ನೆನಪಿಲ್ಲ ಅಕ್ಕ."

ಹರುಯೊ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಹೋಗ್ಲಿ ಬಿಡು. ನೆನಪಾಗ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ," ಎಂದಳು, ಅದೇ ನಿಧಾನದ ದನಿಯಲ್ಲಿ.

ಯೊಶಿನೊ ಕುದಿಯುವ ನೀರನ್ನು ಕಂಠಮಟ್ಟ ಬಗ್ಗಿಸಿ, ಕೈ ಸುಡದಿರಲೆಂದು ಹಿಡಿಗೆ ಬಟ್ಟೆ ಸುತ್ತಿ ಕೊಟ್ಟಳು. ಹರುಯೊ ಒಂದು ತೊಟ್ಟೂ ಚೆಲ್ಲದಂತೆ ಪುಟ್ಟ ಹೆಜ್ಜೆ ಇಡುತ್ತ ಷೆಡ್ಡಿನ ಕಡೆ ಹೋದಳು.

ಬಾಗಿಲು ಮುಚ್ಚಿದ ಮೇಲೆ ಯೊಶಿನೊ ಹೀಟರ್ ಆರಿಸಿದಳು. ಬೂಟು ಮೆಟ್ಟಿ, ಅಗಲ ಸಲಿಕೆ ತೆಗೆದುಕೊಂಡು, ಹಿಮವನ್ನು ಸೊಂಟದಿಂದ ತಳ್ಳುತ್ತ ಓಣಿಯ ಕೊನೆಯಲ್ಲಿರುವ ಓನುಕಿ ಅಜ್ಜನ ಮನೆಗೆ ನಡೆದಳು. ಅಲ್ಲಿಂದ ದೊಡ್ಡ ರಸ್ತೆಗೆ ಎಂಬತ್ತು ಹೆಜ್ಜೆ. ವ್ಯಾನಿಗೆ ಇನ್ನೂ ಒಂದೂಮುಕ್ಕಾಲು ಗಂಟೆಯಿತ್ತು. ಅಜ್ಜ ಆಗಲೇ ಮೇಲಂಗಿ ತೊಟ್ಟು, ಆಸ್ಪತ್ರೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಒಳಗಿನ ಮೆಟ್ಟಿಲ ಮೇಲೆ ಕೂತಿದ್ದ.

"ಯಂತ್ರ ಬರಲ್ವೇನೇ ಯೊಶಿ?"

"ಬರಲ್ಲ ಅಜ್ಜ. ನೀವು ಬಾಗಿಲು ಹಾಕ್ಕೊಳ್ಳಿ, ಚಳಿ. ನಾನು ಕರೀತೀನಿ."

ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಅವಳು ಹಿಮ ಎತ್ತತೊಡಗಿದಳು. ಹನ್ನೆರಡು ಹೆಜ್ಜೆಯಾಗಿರಬೇಕು, ಷೆಡ್ಡಿನ ಕಡೆ ಇಂಜಿನ್ನಿನ ದನಿ ಭಾರವಾಯಿತು. "ಬಂತು, ಬಂತು," ಎಂದು ತಮೊತ್ಸು ಕೂಗಿದ್ದು ಕೇಳಿಸಿತು, ಹರುಯೊ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಮುಂಜಾವದ ನಸುಬೆಳಕಿನಲ್ಲಿ ಮಾಡುಗಳ ಮೇಲಕ್ಕೆ ಹಿಮದ ಧಾರೆಯೊಂದು ಎದ್ದು ಬಾಗಿತು. ಯೊಶಿನೊ ತಲೆ ಎತ್ತಲಿಲ್ಲ. ಸಲಿಕೆ ತುಂಬಿ, ಬದಿಗೆ ಸುರಿದು, ಮತ್ತೆ ಬಗ್ಗಿದಳು.